ಕ್ರಿಪ್ಟೋಗ್ರಫಿ, ಇನ್ಫರ್ಮೇಶನ್ ಥಿಯರಿ ಪಿಎಚ್‌ಡಿ: ದಾವಣಗೆರೆಯಲ್ಲೇ ಸೇರೋದಾ, ಹೊರಗೆ ಹೋಗೋದಾ?

ಶಿವಗಂಗೋತ್ರಿ_ಗಣಿತ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿವಿಯಲ್ಲಿ ಎಂಎಸ್ಸಿ ಗಣಿತ, ಕೊನೇ ಸೆಮಿಸ್ಟರ್. ಫೈನೈಟ್ ಫೀಲ್ಡ್ಸ್, ಲೀನಿಯರ್ ಆಲ್ಜೀಬ್ರಾ ಗಟ್ಟಿಯಾಗಿವೆ. ಕೋಡಿಂಗ್ ಥಿಯರಿ ಎಲೆಕ್ಟಿವ್‌ನಲ್ಲಿ ಬಿಸಿಎಚ್ ಕೋಡ್‌ವರೆಗೆ (ತಪ್ಪು ಸರಿಪಡಿಸುವ ಒಂದು ಬಗೆಯ ಕೋಡ್) ಆಗಿದೆ. ಪ್ರಾಬಬಿಲಿಟಿ ಒಂದೇ ಪೇಪರ್, ಅದೂ ಪರೀಕ್ಷೆ ಮಟ್ಟಕ್ಕೆ. ಪೈಥಾನ್ ಸ್ವಲ್ಪ ಬರುತ್ತೆ. ಕ್ರಿಪ್ಟೋಗ್ರಫಿ ಮತ್ತು ಇನ್ಫರ್ಮೇಶನ್ ಥಿಯರಿ ಸೇರುವ ಕಡೆ ಪಿಎಚ್‌ಡಿ ಮಾಡಬೇಕು ಅಂತಿದೆ.

ಕೇಳಬೇಕಾದ್ದು ಇಷ್ಟು. ಇಲ್ಲೇ ಹತ್ತಿರದಲ್ಲಿ ಒಬ್ಬರು ಗೈಡ್ ಪಾರ್ಟ್‌ಟೈಮ್ ಸೀಟ್ ಕೊಡ್ತೀನಿ ಅಂದಿದ್ದಾರೆ, ವಿಷಯ ಕೇಯಾಟಿಕ್ ಮ್ಯಾಪ್ (ಆರಂಭದ ಬೆಲೆ ಚೂರು ಬದಲಾದರೂ ಫಲ ಪೂರ್ತಿ ಬದಲಾಗುವ ಸೂತ್ರ) ಬಳಸಿ ಇಮೇಜ್ ಎನ್‌ಕ್ರಿಪ್ಶನ್. ತಗೋಬಹುದಾ? ಚಳ್ಳಕೆರೆಯ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ಈ ವಿಷಯಕ್ಕೆ ಪಿಎಚ್‌ಡಿ ಇದೆಯಾ? ಯಾವ ಪರೀಕ್ಷೆ ಬರೀಬೇಕು? ಸೇರುವ ಮೊದಲು ಏನೇನು ಓದಿಕೊಂಡಿರಬೇಕು?

ಸಂಕೇತಪದ:

ಓದಿನ ವಿಚಾರ ನಾನು ಹೇಳ್ತೀನಿ, ಉಳಿದದ್ದಕ್ಕೆ ಬೇರೆಯವರು ಬರ್ತಾರೆ.

ಇದು ಒಂದು ಸಬ್ಜೆಕ್ಟ್ ಅಲ್ಲ, ಎರಡು ಅನ್ನೋದನ್ನ ಮೊದಲು ಗಮನದಲ್ಲಿಡಿ. ಎರಡಕ್ಕೂ ಮೂಲಪುರುಷ ಕ್ಲಾಡ್ ಶಾನನ್ನನೇ. 1948ರಲ್ಲಿ ಸಂವಹನದ ಗಣಿತ ಕಟ್ಟಿಕೊಟ್ಟ, 1949ರಲ್ಲಿ ಅದರದ್ದೇ ಎಂಟ್ರಪಿಯನ್ನು (ಒಂದು ವಿಷಯ ಎಷ್ಟು ಅನಿಶ್ಚಿತ ಅನ್ನೋದರ ಬಿಟ್ ಅಳತೆ) ಹಿಡಿದು ಗುಪ್ತಲಿಪಿಯ ಲೆಕ್ಕ ಬರೆದ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪಬ್ಲಿಕ್ ಕೀ ವಿಚಾರ (ಗುಪ್ತಗೊಳಿಸುವ ಕೀ ಎಲ್ಲರಿಗೂ ಗೊತ್ತು, ಬಿಡಿಸುವ ಕೀ ಮಾತ್ರ ಗುಟ್ಟು) ತಂದ ಮೇಲೆ ಮನೆ ಪಾಲಾಯಿತು. ಇನ್ಫರ್ಮೇಶನ್ ಥಿಯರಿಯವರು ಶತ್ರುವಿಗೆ ಎಷ್ಟು ಕಂಪ್ಯೂಟರ್ ಬೇಕಾದರೂ ಇರಲಿ ಅಂತಾರೆ, ಆದರೆ ಅವನ ಕಿವಿಗೆ ಎಷ್ಟು ಬೀಳುತ್ತೆ ಅನ್ನೋದು ನಮಗೆ ಗೊತ್ತು ಅಂತ ಹಿಡಿದುಕೊಂಡು ಲೆಕ್ಕ ಮಾಡ್ತಾರೆ. ಕ್ರಿಪ್ಟೋದವರದು ಉಲ್ಟಾ: ಶತ್ರು ಎಲ್ಲವನ್ನೂ ಕೇಳಿಸಿಕೊಳ್ಳಲಿ, ಲೆಕ್ಕ ಮಾಡೋಕೆ ಅವನಿಗಿರುವ ಸಮಯಕ್ಕೆ ಮಿತಿ ಇದೆ. ಪೇಪರ್ ಕಳಿಸಿದಾಗ ರಿವ್ಯೂವರ್ ಯಾವ ಕಡೆಯವನು ಅನ್ನೋದರ ಮೇಲೆ ಪ್ರಶ್ನೆಯೇ ಬದಲಾಗುತ್ತೆ. ಹಾಗಾಗಿ ಒಂದು ಕಡೆ ಕಾಲೂರಿ, ಇನ್ನೊಂದರ ಭಾಷೆ ಕಲಿಯಿರಿ. ಎರಡೂ ಕಡೆ ಅರ್ಧರ್ಧ ನಿಂತವರ ಪೇಪರ್ ಎರಡೂ ಕಡೆಯಿಂದ ವಾಪಸ್ ಬರುತ್ತೆ.

ನಿಮ್ಮ ನಿಜವಾದ ಕೊರತೆ ಪ್ರಾಬಬಿಲಿಟಿ. ಮೊದಲ ಎರಡು ತಿಂಗಳು ಅದಕ್ಕೇ ಕೊಡಿ: ಕಂಡೀಶನಲ್ ಎಕ್ಸ್‌ಪೆಕ್ಟೇಶನ್, ಯೂನಿಯನ್ ಬೌಂಡ್, ಮಾರ್ಕೊವ್, ಚೆಬಿಶೆವ್, ಚೆರ್ನಾಫ್. ಸ್ಟ್ಯಾಟಿಸ್ಟಿಕಲ್ ಡಿಸ್ಟೆನ್ಸ್ ಅಂದರೇನು, ಅದು ಡೇಟಾ ಪ್ರೊಸೆಸಿಂಗ್‌ನಲ್ಲಿ ಯಾಕೆ ಹೆಚ್ಚಾಗಲ್ಲ ಅನ್ನೋದು ಬಾಯಿಗೆ ಬರಬೇಕು. ಆಮೇಲೆ ಕವರ್ ಮತ್ತು ಥಾಮಸ್ ಬರೆದ ಪಠ್ಯದಲ್ಲಿ ಎಂಟ್ರಪಿ, ಟಿಪಿಕಲ್ ಸೆಟ್, ಚಾನೆಲ್ ಕೆಪಾಸಿಟಿ ಅಧ್ಯಾಯಗಳು, ಲೆಕ್ಕಗಳ ಸಮೇತ. ಅದರ ಜೊತೆಗೇ ಕಟ್ಜ್ ಮತ್ತು ಲಿಂಡೆಲ್ ಪಠ್ಯದಲ್ಲಿ ಸಿಪಿಎ, ಸಿಸಿಎ (ಶತ್ರು ತನಗೆ ಬೇಕಾದ ಸಂದೇಶ ಎನ್‌ಕ್ರಿಪ್ಟ್ ಮಾಡಿಸುವ, ಬೇಕಾದ ಸೈಫರ್ ಡಿಕ್ರಿಪ್ಟ್ ಮಾಡಿಸುವ ದಾಳಿಗಳು) ಭದ್ರತೆಯ ವ್ಯಾಖ್ಯೆಗಳು, ರಿಡಕ್ಷನ್, ಹೈಬ್ರಿಡ್ ಆರ್ಗ್ಯುಮೆಂಟ್. ಎನ್‌ಪಿಟಿಇಎಲ್‌ನಲ್ಲಿ ಎರಡಕ್ಕೂ ಕೋರ್ಸ್ ಇವೆ. ಆದರೆ ವಿಡಿಯೊ ನೋಡಿ ತಲೆ ಆಡಿಸಿದರೆ ಸಾಲದು, ಪೆನ್ ಹಿಡಿಯಬೇಕು.

ತಯಾರಿ ಆಗಿದೆಯಾ ಅಂತ ನೋಡೋಕೆ ಎರಡು ಪರೀಕ್ಷೆ.

ಒಂದು: ಪರ್ಫೆಕ್ಟ್ ಸೀಕ್ರೆಸಿ ಬೇಕಾದರೆ ಕೀ ಎಂಟ್ರಪಿ ಸಂದೇಶದ ಎಂಟ್ರಪಿಗಿಂತ ಕಡಿಮೆ ಇರುವಂತಿಲ್ಲ ಅಂತ ಪುಸ್ತಕ ಮುಚ್ಚಿಟ್ಟು ಸಾಧಿಸಿ. ಐದು ಸಾಲು ಸಾಕು. ಸೈಫರ್ (ಗುಪ್ತಗೊಳಿಸಿದ ಸಂದೇಶ) ಗೊತ್ತಾದರೂ ಸಂದೇಶದ ಎಂಟ್ರಪಿ ಇಳಿಯಲ್ಲ, ಇದು ವ್ಯಾಖ್ಯೆ. ಅದು, ಸೈಫರ್ ಗೊತ್ತಿರುವಾಗ ಸಂದೇಶ ಮತ್ತು ಕೀ ಎರಡೂ ಸೇರಿದ ಎಂಟ್ರಪಿಯನ್ನು ಮೀರಲ್ಲ. ಸೈಫರ್, ಕೀ ಎರಡೂ ಕೈಲಿದ್ದರೆ ಸಂದೇಶ ಖಚಿತ, ಹಾಗಾಗಿ ಉಳಿಯೋದು ಸೈಫರ್ ಗೊತ್ತಿರುವಾಗಿನ ಕೀ ಎಂಟ್ರಪಿ ಮಾತ್ರ. ಅದು ಕೀ ಎಂಟ್ರಪಿಗಿಂತ ದೊಡ್ಡದಾಗಲ್ಲ. ಮುಗೀತು. ಪ್ರತಿ ಸಾಲಿಗೂ ಕಾರಣ ಹೇಳೋಕೆ ಬಂದರೆ ಮುಂದೆ ಹೋಗಿ.

ಎರಡು: ಒಂದು ರಾಂಡಮ್ ವೇರಿಯಬಲ್ ಅರ್ಧ ಸಂಭವನೀಯತೆಯಲ್ಲಿ ಸೊನ್ನೆ ಆಗುತ್ತೆ, ಉಳಿದ ಅರ್ಧದಲ್ಲಿ ಬೇರೆ 2ರ ಘಾತ 256 ಬೆಲೆಗಳಲ್ಲಿ ಸಮವಾಗಿ ಹರಡಿಕೊಂಡಿದೆ. ಶಾನನ್ ಎಂಟ್ರಪಿ ಎಷ್ಟು? 129 ಬಿಟ್. ಕೇಳೋಕೆ ಭರ್ಜರಿ. ಅದನ್ನೇ ಕೀ ಮಾಡಿದರೆ ಶತ್ರು ‘ಸೊನ್ನೆ’ ಅಂತ ಹೇಳಿ ಎರಡರಲ್ಲಿ ಒಂದು ಸಲ ಗೆಲ್ಲುತ್ತಾನೆ. ಮಿನ್-ಎಂಟ್ರಪಿ (ಒಂದೇ ಊಹೆಯಲ್ಲಿ ಗೆಲ್ಲೋದು ಎಷ್ಟು ಕಷ್ಟ ಅನ್ನೋ ಅಳತೆ) ಒಂದೇ ಒಂದು ಬಿಟ್. ಕೀ ವಿಚಾರ ಬಂದಾಗ ಶಾನನ್ ಎಂಟ್ರಪಿ ಲೆಕ್ಕ ಕೊಟ್ಟ ಥೀಸಿಸ್‌ಗಳು ಅಲ್ಲೇ ಬಿದ್ದುಹೋಗುತ್ತವೆ.

ವೈನರ್‌ನ ವೈರ್‌ಟ್ಯಾಪ್ ಚಾನೆಲ್ (ಕದ್ದು ಕೇಳುವವನಿಗೆ ಮಸುಕಾಗಿ ಕೇಳಿಸುವ ಲೈನಿನ ಮಾದರಿ) 1975ರದ್ದು, ಅದನ್ನೂ ಓದಿ. ಆದರೆ ಹಳೇ ಪೇಪರ್‌ಗಳ ‘ವೀಕ್ ಸೀಕ್ರೆಸಿ’ ಏನು ಅನುಮತಿಸುತ್ತೆ ನೋಡಿ: ಸೋರಿದ ಬಿಟ್‌ಗಳನ್ನು ಒಟ್ಟು ಉದ್ದದಿಂದ ಭಾಗಿಸಿದರೆ ಸೊನ್ನೆ ಕಡೆ ಹೋದರೆ ಸಾಕು. ಸೋರಿಕೆ ವರ್ಗಮೂಲದಷ್ಟಿದ್ದರೂ ಅದು ಪಾಸ್. ಹತ್ತು ಲಕ್ಷ ಬಿಟ್ ಕಳಿಸಿ ಸಾವಿರ ಬಿಟ್ ಶತ್ರುವಿಗೆ ಕೊಟ್ಟರೂ ವ್ಯಾಖ್ಯೆ ಸುಮ್ಮನಿರುತ್ತೆ, ಆ ಸಾವಿರದಲ್ಲಿ ನಿಮ್ಮ 128 ಬಿಟ್ ಕೀ ಪೂರ್ತಿ ಕೂರಬಹುದು. ಈಗ ಸ್ಟ್ರಾಂಗ್ ಸೀಕ್ರೆಸಿ (ಒಟ್ಟು ಸೋರಿಕೆಯೇ ಸೊನ್ನೆ ಕಡೆ ಹೋಗಬೇಕು), ಸಿಮ್ಯಾಂಟಿಕ್ ಸೆಕ್ಯೂರಿಟಿ (ಸಂದೇಶ ಯಾವುದೇ ಇರಲಿ, ಅದರ ಬಗ್ಗೆ ಶತ್ರುವಿಗೆ ಏನೂ ತಿಳಿಯಬಾರದು) ಇಲ್ಲದೆ ಕ್ರಿಪ್ಟೋ ಕಡೆ ಯಾರೂ ಒಪ್ಪಲ್ಲ. ಬೆಲಾರೆ, ಟೆಸ್ಸಾರೊ, ವಾರ್ಡಿ ಅವರ 2012ರ ಪೇಪರ್ ಈ ಎರಡು ಭಾಷೆಗಳ ನಡುವೆ ಒಳ್ಳೇ ಸೇತುವೆ.

ಚಿನ್ಮೂಲಾದ್ರಿ:

ಇಮೇಜ್ ಎನ್‌ಕ್ರಿಪ್ಶನ್ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕಾರಣ ಹೇಳದೆ ಬೇಡ ಅನ್ನೋದು ಸರಿಯಲ್ಲ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ಈ ಸಾಲಿನ ಬಹುತೇಕ ಪೇಪರ್‌ಗಳಲ್ಲಿ ಭದ್ರತೆಗೆ ಸಾಕ್ಷಿ ಅಂತ ಕೊಡೋದು ಮೂರು ಅಂಕಿ. ಎಂಟ್ರಪಿ 7.99, ಎನ್‌ಪಿಸಿಆರ್ (ಬದಲಾದ ಪಿಕ್ಸೆಲ್‌ಗಳ ಪ್ರಮಾಣ) ಶೇ 99.6, ಯುಎಸಿಐ (ಪಿಕ್ಸೆಲ್ ಬೆಲೆಗಳ ಸರಾಸರಿ ವ್ಯತ್ಯಾಸ) ಶೇ 33.46. ಕೊನೆಯ ಎರಡು ಎಲ್ಲಿಂದ ಬಂದವು? ಎರಡು ಚಿತ್ರದ ಪಿಕ್ಸೆಲ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ 0ಯಿಂದ 255ರವರೆಗೆ ಸಮವಾಗಿ ಬಿದ್ದಿದ್ದರೆ, ಒಂದೇ ಜಾಗದ ಪಿಕ್ಸೆಲ್ ಬೇರೆಬೇರೆ ಆಗುವ ಸಂಭವನೀಯತೆ 255/256, ಅಂದರೆ ಶೇ 99.61. ಸರಾಸರಿ ವ್ಯತ್ಯಾಸ 257/768, ಅಂದರೆ ಶೇ 33.46. ಇವು ಔಟ್‌ಪುಟ್ ಗೊಂದಲಮಯವಾಗಿ ಕಾಣುತ್ತೆ ಅಂತ ಹೇಳುತ್ತವೆ, ಶತ್ರುವಿನ ಬಗ್ಗೆ ಒಂದಕ್ಷರ ಹೇಳಲ್ಲ. ಎಂಟ್ರಪಿಯದು ಇನ್ನೂ ತಮಾಷೆ: 256×256 ಚಿತ್ರದ ಪ್ರತಿ ಸಾಲಿನಲ್ಲೂ 0, 1, 2 ಅಂತ 255ರವರೆಗೆ ತುಂಬಿಸಿ. ಕಣ್ಣಿಗೆ ಬರೀ ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳುಪಿಗೆ ಹೋಗುವ ಪಟ್ಟಿ. ಹಿಸ್ಟೋಗ್ರಾಮ್ ಎಂಟ್ರಪಿ ಸರಿಯಾಗಿ 8. ಯಾವ ‘ಸೈಫರ್’ಗಿಂತಲೂ ಹೆಚ್ಚು!

ಈ ಮೂರೂ ಪರೀಕ್ಷೆ ಪಾಸಾಗಿ ಮುರಿದುಬೀಳುವ ಸ್ಕೀಮ್ ಹೀಗಿರುತ್ತೆ. ಎಲ್ಲ ಪಿಕ್ಸೆಲ್ ಕೂಡಿಸಿ, ಆ ಮೊತ್ತವನ್ನು ಸೀಕ್ರೆಟ್ ಕೀ ಜೊತೆ ಸೇರಿಸಿ ಲಾಜಿಸ್ಟಿಕ್ ಮ್ಯಾಪ್‌ಗೆ ಆರಂಭದ ಬೆಲೆ ಮಾಡಿ, ಬಂದ ಕೀಸ್ಟ್ರೀಮ್ (ಬಿಟ್‌ಗಳ ಸರಣಿ) ಜೊತೆ ಚಿತ್ರವನ್ನು ಎಕ್ಸಾರ್ (ಬಿಟ್‌ಗೆ ಬಿಟ್ ಸೇರಿಸೋದು, ಮತ್ತೊಮ್ಮೆ ಮಾಡಿದರೆ ಮೊದಲಿನದೇ ವಾಪಸ್) ಮಾಡಿ. ಒಂದು ಪಿಕ್ಸೆಲ್ ಬದಲಾದರೆ ಮೊತ್ತ ಬದಲಾಗಿ ಇಡೀ ಕೀಸ್ಟ್ರೀಮ್ ಬದಲಾಗುತ್ತೆ, ಎನ್‌ಪಿಸಿಆರ್ ಥಟ್ಟನೆ 99.6. ಈಗ ಶತ್ರುವಿನ ಕಡೆಯಿಂದ ನೋಡಿ. ಆ ಮೊತ್ತ ಡಿಕ್ರಿಪ್ಟ್ ಮಾಡುವವನಿಗೂ ಬೇಕು. ಅದು ಬಯಲಲ್ಲೇ ಹೋದರೆ, ಶತ್ರು ಅಷ್ಟೇ ಮೊತ್ತದ ಇನ್ನೊಂದು ಚಿತ್ರ ತಯಾರಿಸಿ ಎನ್‌ಕ್ರಿಪ್ಟ್ ಮಾಡಿಸುತ್ತಾನೆ. ಮೊತ್ತ ಒಂದೇ, ಕೀಸ್ಟ್ರೀಮ್ ಒಂದೇ. ತನ್ನ ಚಿತ್ರವನ್ನು ಎಕ್ಸಾರ್ ಮಾಡಿ ಕೀಸ್ಟ್ರೀಮ್ ಹೊರತೆಗೆದು, ನಿಮ್ಮ ಸೈಫರ್ ಮೇಲೆ ಹಾಕಿದರೆ ಮೂಲ ಚಿತ್ರ ಹೊರಬರುತ್ತೆ. ಒಂದೇ ಒಂದು ಚೋಸನ್ ಪ್ಲೇನ್‌ಟೆಕ್ಸ್ಟ್, ಅಷ್ಟೇ. ಮೊತ್ತ ಗುಟ್ಟಾಗಿಡ್ತೀವಿ ಅಂದರೆ ಪ್ರತಿ ಚಿತ್ರಕ್ಕೂ ಹೊಸದಾಗಿ ಏನನ್ನೋ ಗುಟ್ಟಾಗಿ ತಲುಪಿಸಬೇಕು, ಆ ದಾರಿ ಇದ್ದರೆ ಈ ಸೈಫರ್ ಯಾಕೆ? ಅದೂ ಗುಟ್ಟಾಗಿ ಉಳಿಯುವಷ್ಟು ದೊಡ್ಡದೂ ಅಲ್ಲ: 256×256 ಚಿತ್ರಕ್ಕೆ ಗರಿಷ್ಠ ಮೊತ್ತ 1,67,11,680, ಅಂದರೆ 24 ಬಿಟ್‌ಗಿಂತ ಕಡಿಮೆ.

ಇನ್ನೊಂದು ಕಡೆಯೂ ಎಡವುತ್ತಾರೆ. ಕೇಯಾಸ್ ಇರೋದು ರಿಯಲ್ ನಂಬರ್‌ಗಳ ಮೇಲೆ. ಕಂಪ್ಯೂಟರ್‌ನಲ್ಲಿರೋದು 64 ಬಿಟ್‌ನ ಡಬಲ್, ಬೆಲೆಗಳು ಸೀಮಿತ, ಆರ್ಬಿಟ್ ಎಂದಾದರೂ ತಿರುಗಿ ಸುತ್ತಲೇಬೇಕು. ಆ ಸುತ್ತು ಎಷ್ಟು ಚಿಕ್ಕದು ಅಂತ ಥೀಸಿಸ್‌ನಲ್ಲಿ ಯಾರೂ ಅಳೆದಿರಲ್ಲ. ಕಂಪೈಲರ್ ಬದಲಾಗಿ ಕೊನೇ ಬಿಟ್ ರೌಂಡಿಂಗ್ ಬೇರೆಯಾದರೆ, ಮ್ಯಾಪ್ ಕೇಯಾಟಿಕ್ ಆಗಿರೋದರಿಂದಲೇ ಆ ಕಡೆ ಡಿಕ್ರಿಪ್ಟ್ ಆಗದೇ ಹೋಗಬಹುದು.

ಗೈಡ್ ಒಳ್ಳೆಯವರು, ಊರಲ್ಲೇ ಇರಬೇಕಾದ ಅನಿವಾರ್ಯವೂ ಇದೆ ಅಂದರೆ ವಿಷಯ ತಿರುಗಿಸಿ: ಇಂಥ ಸ್ಕೀಮ್‌ಗಳ ಕ್ರಿಪ್ಟನಾಲಿಸಿಸ್, ಅಂದರೆ ಅವನ್ನು ಮುರಿಯೋದು. ಅದರಲ್ಲಿ ನಿಜವಾದ ಕೆಲಸ ಇದೆ. ಇಲ್ಲದಿದ್ದರೆ ಅವರ ಮುಂದೆ ಒಂದೇ ಪ್ರಶ್ನೆ ಇಡಿ, ‘ಸರ್, ನಮ್ಮ ಶತ್ರುವಿಗೆ ಏನು ಕೊಟ್ಟಿದ್ದೀವಿ, ಅವನು ಏನು ಮಾಡಿದರೆ ಗೆದ್ದ ಹಾಗೆ?’ ಇದಕ್ಕೆ ಉತ್ತರ ಇಲ್ಲದ ಟಾಪಿಕ್ ತಗೋಬೇಡಿ.

ಕುಡಾಪುರ_ರಸ್ತೆ:

ಪ್ರವೇಶ, ನಿಯಮದ ವಿಚಾರ.

ಚಳ್ಳಕೆರೆ ಬಗ್ಗೆ ಈ ಕಡೆ ತುಂಬಾ ಜನ ಕೇಳ್ತಾರೆ. ಕುಡಾಪುರದ ಕ್ಯಾಂಪಸ್ ಐಐಎಸ್‌ಸಿಯದೇ, ಆದರೆ ಅಲ್ಲಿ ಹೆಸರಾಗಿರೋದು ವಿಜ್ಞಾನ ಶಿಕ್ಷಕರ ತರಬೇತಿ ಕೇಂದ್ರ. ನಿಮಗೆ ಬೇಕಾದ ಇಸಿಇ (ಎಲೆಕ್ಟ್ರಿಕಲ್ ಕಮ್ಯುನಿಕೇಶನ್), ಸಿಎಸ್‌ಎ (ಕಂಪ್ಯೂಟರ್ ಸೈನ್ಸ್), ಗಣಿತ ವಿಭಾಗಗಳು ಇರೋದು ಬೆಂಗಳೂರಿನಲ್ಲಿ.

ಎಂಎಸ್ಸಿ ಗಣಿತದವರಿಗೆ ದಾರಿಗಳು: ಸಿಎಸ್‌ಐಆರ್ ನೆಟ್ ಗಣಿತ ವಿಜ್ಞಾನ, ಗೇಟ್‌ನ ಗಣಿತ ಅಥವಾ ಕಂಪ್ಯೂಟರ್ ಸೈನ್ಸ್ ಪೇಪರ್, ಕೊಲ್ಕತ್ತಾದ ಐಎಸ್‌ಐನ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ತನ್ನದೇ ಪರೀಕ್ಷೆ, ಮುಂಬೈನ ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ತನ್ನದೇ ಪರೀಕ್ಷೆ (ಕಂಪ್ಯೂಟರ್ ಮತ್ತು ಸಿಸ್ಟಮ್ಸ್ ಸೈನ್ಸ್ ಪತ್ರಿಕೆ). ಐಎಸ್‌ಐನಲ್ಲಿ ಆರ್.ಸಿ. ಬೋಸ್ ಹೆಸರಿನ ಕ್ರಿಪ್ಟಾಲಜಿ ಕೇಂದ್ರ ಇದೆ. ನಿಮ್ಮ ಬಿಸಿಎಚ್ ಕೋಡ್‌ನ ‘ಬಿ’ ಅವರೇ. ಕ್ರಿಪ್ಟಾಲಜಿಗೇ ಮೀಸಲಾದ ಎಂಟೆಕ್ ಕೂಡ ಅಲ್ಲಿದೆ, ಪ್ರಾಬಬಿಲಿಟಿ ಮತ್ತು ಪ್ರೋಗ್ರಾಮಿಂಗ್ ಎರಡೂ ಕಡಿಮೆ ಇರುವವರಿಗೆ ಆ ಎರಡು ವರ್ಷ ನಷ್ಟವಲ್ಲ. ಐಐಎಸ್‌ಸಿಯ ಇಂಜಿನಿಯರಿಂಗ್ ವಿಭಾಗಗಳಲ್ಲಿ ಯಾವ ಡಿಗ್ರಿ, ಯಾವ ಗೇಟ್ ಪೇಪರ್ ನಡೆಯುತ್ತೆ ಅಂತ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ವಿಭಾಗವಾರು ನೋಡಿಯೇ ಫಾರ್ಮ್ ತುಂಬಿ. ಗಣಿತ ವಿಭಾಗಕ್ಕೆ ಸೇರಿ ಇಸಿಇಯ ಕೋರ್ಸ್ ತಗೊಳ್ಳುವ ದಾರಿಯೂ ಇದೆ.

ದುಡ್ಡು: 2023ರ ಜನವರಿಯಿಂದ ಜೆಆರ್‌ಎಫ್ (ಸಂಶೋಧಕರಿಗೆ ಮೊದಲ ಹಂತದ ಫೆಲೋಶಿಪ್) ತಿಂಗಳಿಗೆ 37,000, ಎಸ್‌ಆರ್‌ಎಫ್ (ಮುಂದಿನ ಹಂತದ್ದು) 42,000, ನಿಯಮದ ಪ್ರಕಾರ ಮನೆ ಬಾಡಿಗೆ ಭತ್ಯೆ ಬೇರೆ. ಪಾರ್ಟ್‌ಟೈಮ್‌ಗೆ ಇದು ಸಿಗಲ್ಲ. ಪಾರ್ಟ್‌ಟೈಮ್ ಇರೋದು ಕೆಲಸದಲ್ಲಿರುವವರಿಗೆ, ಕೆಲಸ ಕೊಟ್ಟವರ ಎನ್‌ಒಸಿ ಕೂಡ ಬೇಕು. ನಿಮಗಿನ್ನೂ ಕೆಲಸವೇ ಇಲ್ಲ, ಮತ್ತೆ ಯಾಕೆ ಪಾರ್ಟ್‌ಟೈಮ್? ಯುಜಿಸಿಯ 2022ರ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. 2024ರ ಜೂನ್‌ನಿಂದ ಯುಜಿಸಿ ನೆಟ್‌ನಲ್ಲಿ ‘ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ’ ಅನ್ನುವ ಅರ್ಹತೆಯೂ ಸೇರಿದೆ, ಅದರ ಅವಧಿ ಒಂದು ವರ್ಷ.

ಇನ್ನು ಯಾರೂ ಮೊದಲೇ ಹೇಳದ ತೊಡಕು. ಕ್ರಿಪ್ಟೋ ಥಿಯರಿಯಲ್ಲಿ ಲೇಖಕರ ಹೆಸರು ಅಕ್ಷರಮಾಲೆ ಕ್ರಮದಲ್ಲಿ ಬರುತ್ತೆ, ಗಣಿತದ ಹಾಗೇ. ನಿಮ್ಮ ಹೆಸರು ‘ವೈ’ಯಿಂದ ಶುರುವಾದರೆ ಜೀವಮಾನವಿಡೀ ಕೊನೆಯಲ್ಲೇ. ಕೆಲವು ವಿವಿಗಳ ನಿಯಮ ‘ಮೊದಲ ಲೇಖಕರಾಗಿ ಜರ್ನಲ್ ಪೇಪರ್’ ಅಂತ ಕೇಳುತ್ತೆ. ಈ ಕ್ಷೇತ್ರದ ದೊಡ್ಡ ಜಾಗಗಳು ಕ್ರಿಪ್ಟೊ, ಯೂರೊಕ್ರಿಪ್ಟ್, ಏಷ್ಯಾಕ್ರಿಪ್ಟ್, ಟಿಸಿಸಿ, ಎಲ್ಲವೂ ಕಾನ್ಫರೆನ್ಸ್. ಅವುಗಳ ಪ್ರೊಸೀಡಿಂಗ್ಸನ್ನು ಜರ್ನಲ್ ಲೆಕ್ಕಕ್ಕೆ ಹಿಡಿಯದ ಕಡೆ ಸೇರಿದರೆ ಒಳ್ಳೇ ಪೇಪರ್ ಇಟ್ಟುಕೊಂಡೂ ಥೀಸಿಸ್ ಸಲ್ಲಿಸೋಕೆ ಆಗಲ್ಲ. ಆಗಲೇ ಜನ ಗಾಬರಿಬಿದ್ದು ದುಡ್ಡು ಕೊಟ್ಟು ಎರಡು ವಾರದಲ್ಲಿ ಅಚ್ಚಾಗುವ ಜರ್ನಲ್‌ಗೆ ಹೋಗೋದು. ರಿಜಿಸ್ಟ್ರೇಶನ್‌ಗೆ ಮೊದಲೇ ಈ ಎರಡು ವಿಷಯ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಐಟ್ರಿಪಲ್‌ಇಯ ಇನ್ಫರ್ಮೇಶನ್ ಥಿಯರಿ ಟ್ರಾನ್ಸಾಕ್ಷನ್ಸ್‌ನಲ್ಲಿ ರಿವ್ಯೂಗೆ ವರ್ಷ ಹಿಡಿಯೋದು ಮಾಮೂಲು, ಅದನ್ನೂ ಆರು ವರ್ಷದ ಲೆಕ್ಕದಲ್ಲಿ ಸೇರಿಸಿ. ಐಎಸಿಆರ್‌ನವರು (ಕ್ರಿಪ್ಟಾಲಜಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ) 2024ರಲ್ಲಿ ಶುರುಮಾಡಿದ ಕಮ್ಯುನಿಕೇಶನ್ಸ್ ಇನ್ ಕ್ರಿಪ್ಟಾಲಜಿ ಜರ್ನಲ್‌ನಲ್ಲಿ ಓದುಗರಿಗೂ ಲೇಖಕರಿಗೂ ಖರ್ಚಿಲ್ಲ. ಅವರ ಇ-ಪ್ರಿಂಟ್ (ರಿವ್ಯೂಗೆ ಮೊದಲೇ ಪೇಪರ್ ಹಾಕುವ ತಾಣ) ಕೂಡ ಉಚಿತ. ಭಾರತದಲ್ಲಿ ಡಿಸೆಂಬರ್‌ಗೆ ಇಂಡೊಕ್ರಿಪ್ಟ್ ಕಾನ್ಫರೆನ್ಸ್ ಇದೆ.

ಶಿವಗಂಗೋತ್ರಿ_ಗಣಿತ:

ತುಂಬಾ ಉಪಕಾರ ಆಯ್ತು. ಇಮೇಜ್ ಟಾಪಿಕ್ ಬಿಟ್ಟೆ. ಹಾಗಾದರೆ ಬೀಜಗಣಿತ ಗಟ್ಟಿ ಇರುವವರಿಗೆ ಯಾವ ಟಾಪಿಕ್ ಕಡೆ ಹೋಗೋದು ಒಳ್ಳೇದು? ಕೋಡ್-ಬೇಸ್ಡ್ ಕ್ರಿಪ್ಟೋ (ತಪ್ಪು ಸರಿಪಡಿಸುವ ಕೋಡ್‌ಗಳ ಮೇಲೆ ಕಟ್ಟಿದ್ದು) ಅಂತ ಕೇಳಿದ್ದೇನೆ. ಕೋಡಿಂಗ್ ಥಿಯರಿ ಆದ್ದರಿಂದ ಅದು ಇನ್ಫರ್ಮೇಶನ್-ಥಿಯರೆಟಿಕ್ ಸೆಕ್ಯೂರಿಟಿ ತಾನೆ? ಇನ್ನೊಂದು, ವೈಫೈ ಸಿಗ್ನಲ್ ಏರಿಳಿತದಿಂದ ಎರಡು ಸಾಧನ ಸೇರಿ ಕೀ ಮಾಡಿಕೊಳ್ಳೋದು. 1000 ಬಿಟ್ ಅಳತೆ, ಅದರಲ್ಲಿ ಶತ್ರುವಿಗೆ ಗೊತ್ತಿಲ್ಲದ ಮಿನ್-ಎಂಟ್ರಪಿ 300, ಎರಡು ಕಡೆ ಶೇ 5 ಬಿಟ್ ತಾಳೆ ಆಗಲ್ಲ ಅಂದರೆ 256 ಬಿಟ್ ಕೀ ಬರುತ್ತಲ್ವಾ?

ಸಂಕೇತಪದ:

ಅಲ್ಲ, ಬರಲ್ಲ. ಎರಡಕ್ಕೂ.

ಮೊದಲನೆಯದು. ಕೋಡ್-ಬೇಸ್ಡ್ ಪಬ್ಲಿಕ್ ಕೀ ಸಂಪೂರ್ಣ ಕಂಪ್ಯೂಟೇಶನಲ್, ಅಂದರೆ ಶತ್ರುವಿನ ಸಮಯಕ್ಕೆ ಮಿತಿ ಇದೆ ಅನ್ನೋದನ್ನೇ ನಂಬಿದ್ದು. ಪಬ್ಲಿಕ್ ಕೀ ಬಯಲಲ್ಲಿರೋದರಿಂದ ಮಿತಿಯಿಲ್ಲದ ಶತ್ರು ಹುಡುಕಿ ತೆಗೆದೇ ತೆಗೀತಾನೆ. ಆದರೆ ನಿಮಗೆ ಒಪ್ಪುವ ವಿಷಯ ಅದೇ. ಮ್ಯಾಕೆಲೀಸ್ 1978ರಲ್ಲಿ ಕೊಟ್ಟ ಅಳತೆ: ಗೋಪ್ಪಾ ಕೋಡ್, ಉದ್ದ 1024, ಡೈಮೆನ್ಶನ್ 524, ತಪ್ಪು 50. ಪ್ರಾಂಜ್‌ನ 1962ರ ವಿಧಾನದಿಂದ ಇದರ ಮೇಲೆ ದಾಳಿ ಲೆಕ್ಕ ಹಾಕಿ: 524 ಜಾಗ ಯದ್ವಾತದ್ವಾ ಆರಿಸಿದರೆ ಅದರಲ್ಲಿ ಒಂದೂ ತಪ್ಪು ಇಲ್ಲದಿರುವ ಸಂಭವನೀಯತೆ ಎಷ್ಟು? 500/1024, 499/1023 ಹೀಗೆ ಐವತ್ತು ಭಿನ್ನರಾಶಿ ಗುಣಿಸಿದರೆ 2ರ ಘಾತ −53.6ರ ಹತ್ತಿರ ಬರುತ್ತೆ. ಅಷ್ಟು ಸುತ್ತು, ಪ್ರತಿ ಸುತ್ತಿಗೆ ಒಂದು ಗಾಸಿಯನ್ ಎಲಿಮಿನೇಶನ್. ಸುಧಾರಿಸಿದ ವಿಧಾನದಿಂದ 2008ರಲ್ಲಿ ಬರ್ನ್‌ಸ್ಟೈನ್, ಲಾಂಗ, ಪೀಟರ್ಸ್ ಆ ಅಳತೆಯನ್ನು ನಿಜಕ್ಕೂ ಮುರಿದರು. ಅಳತೆ ದೊಡ್ಡದು ಮಾಡಿದರೆ ಸ್ಕೀಮ್ ನಿಲ್ಲುತ್ತೆ, ಆದರೆ ಕ್ಲಾಸಿಕ್ ಮ್ಯಾಕೆಲೀಸ್‌ನ ಅತಿ ಚಿಕ್ಕ ಆವೃತ್ತಿಗೂ ಪಬ್ಲಿಕ್ ಕೀ 2,61,120 ಬೈಟ್. ಕೋಡ್ ಆಧಾರದ್ದೇ ಆದ, ಚಿಕ್ಕ ಕೀಯ ಎಚ್‌ಕ್ಯೂಸಿಯನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2025ರ ಮಾರ್ಚ್‌ನಲ್ಲಿ ಆರಿಸಿತು. ಮೇಲಿನ ಗುಣಾಕಾರವನ್ನು ಸೇಜ್‌ಮ್ಯಾತ್‌ನಲ್ಲಿ (ಉಚಿತ ಗಣಿತ ತಂತ್ರಾಂಶ) ಹತ್ತು ಸಾಲಲ್ಲಿ ಬರೆದು ನೋಡಿ, ಆಮೇಲೆ ಉದ್ದ 60, ತಪ್ಪು 4 ಅಂಥ ಆಟಿಕೆ ಅಳತೆಗೆ ದಾಳಿಯನ್ನೇ ಓಡಿಸಿ.

ಮಿತಿಯಿಲ್ಲದ ಶತ್ರುವಿನ ವಿರುದ್ಧವೇ ಬೇಕು, ಬೀಜಗಣಿತವೂ ಇರಬೇಕು ಅಂದರೆ ಸೀಕ್ರೆಟ್ ಶೇರಿಂಗ್ (ಒಂದು ಗುಟ್ಟನ್ನು ಹಲವರಿಗೆ ತುಂಡಾಗಿ ಹಂಚೋದು) ಇದೆ, ಪ್ರೈವೇಟ್ ಇನ್ಫರ್ಮೇಶನ್ ರಿಟ್ರೀವಲ್ (ಯಾವ ಫೈಲ್ ಬೇಕು ಅಂತ ಸರ್ವರ್‌ಗೆ ತಿಳಿಯದಂತೆ ಇಳಿಸಿಕೊಳ್ಳೋದು) ಇದೆ. ಎರಡನೆಯದರಲ್ಲಿ ಕೆಪಾಸಿಟಿ ಸೂತ್ರವೇ ಸಿಕ್ಕಿದೆ: ಒಳಸಂಚು ಮಾಡದ 2 ಸರ್ವರ್, 3 ಫೈಲ್ ಇದ್ದರೆ 1 ಭಾಗಿಸು (1 + 1/2 + 1/4), ಅಂದರೆ 4/7. ಏಳು ಬಿಟ್ ಇಳಿಸಿಕೊಂಡರೆ ನಾಲ್ಕು ಬಿಟ್ ನಿಮ್ಮ ಫೈಲ್‌ನದ್ದು. ಸರ್ವರ್‌ಗಳು ಕೈಜೋಡಿಸಿದರೆ, ಒಂದು ಸುಳ್ಳು ಹೇಳಿದರೆ, ಡೇಟಾ ಕೋಡ್ ಆಗಿ ಹಂಚಿಹೋಗಿದ್ದರೆ ಏನು ಅನ್ನುವ ಪ್ರಶ್ನೆಗಳಲ್ಲಿ ರೀಡ್-ಸಾಲೊಮನ್ ಬಲ್ಲವರಿಗೆ ಕೆಲಸ ಇದ್ದೇ ಇದೆ.

ಚಿನ್ಮೂಲಾದ್ರಿ:

ವೈಫೈ ಲೆಕ್ಕ ನಾನು ಮಾಡ್ತೀನಿ, ಏಕೆಂದರೆ ಈ ತಪ್ಪು ಅಚ್ಚಾದ ಪೇಪರ್‌ಗಳಲ್ಲೂ ಇದೆ.

ಶೇ 5 ತಾಳೆಯಾಗದ 1000 ಬಿಟ್ ಸರಿಪಡಿಸಿಕೊಳ್ಳೋಕೆ ಬಯಲಲ್ಲಿ ಹೇಳಬೇಕಾದ್ದು ಕನಿಷ್ಠ 1000 × 0.286 (ಶೇ 5ರ ಬೈನರಿ ಎಂಟ್ರಪಿ), ಅಂದರೆ 286 ಬಿಟ್. ಅಷ್ಟೂ ಶತ್ರು ಕೇಳಿಸಿಕೊಂಡ. 300ರಲ್ಲಿ ಖಾತ್ರಿಯಾಗಿ ಉಳಿದದ್ದು 14. ಆಮೇಲೆ ಹ್ಯಾಷ್ ಮಾಡಿ (ಉದ್ದದ ಬಿಟ್ ಸರಣಿಯನ್ನು ಕಲಸಿ ಚಿಕ್ಕದು ಮಾಡಿ) ಕೀ ಹಿಂಡಬೇಕು. ಲೆಫ್ಟ್‌ಓವರ್ ಹ್ಯಾಷ್ ಲೆಮ್ಮಾ ಪ್ರಕಾರ, ಬಂದ ಕೀ ನಿಜವಾದ ರಾಂಡಮ್‌ನಿಂದ 2ರ ಘಾತ −64ಕ್ಕಿಂತ ದೂರ ಇರಬಾರದು ಅಂದರೆ 126 ಬಿಟ್ ಬಲಿ ಕೊಡಬೇಕು (64ರ ಎರಡರಷ್ಟು, ಕಳೆ 2). ನಿಮ್ಮ ಕೈಲಿರೋದು 14. ಕೀ ಸೊನ್ನೆ ಬಿಟ್.

ಹೆಚ್ಚು ಬ್ಲಾಕ್ (ತಲಾ 1000 ಬಿಟ್ ಅಳತೆ) ಕೂಡಿಸ್ತೀನಿ ಅಂತೀರಾ? ಕಾಗದದ ಮೇಲೆ ಬ್ಲಾಕಿಗೆ 14ರಂತೆ, 128 ಬಿಟ್ ಕೀ ಸಾಕು ಅಂದರೆ 128 + 126 = 254 ಬಿಟ್‌ಗೆ 19 ಬ್ಲಾಕ್ ಸಾಕು. ಆದರೆ ಆ 286 ಶಾನನ್ ಮಿತಿ, ಯಾವ ನಿಜವಾದ ಕೋಡೂ ಅದನ್ನು ಮುಟ್ಟಲ್ಲ. ಶೇ 10 ಹೆಚ್ಚುವರಿ ಅಂದುಕೊಂಡರೂ 315 ಆಗುತ್ತೆ. ಇದ್ದದ್ದೇ 300. ಎಷ್ಟು ಬ್ಲಾಕ್ ಸೇರಿಸಿದರೂ ಸಾಲ ಹೆಚ್ಚುತ್ತೆ, ಕೀ ಬರಲ್ಲ.

ಸುಧಾರಿಸಬೇಕಾದ್ದು ತಾಳೆಯಾಗದ ಪ್ರಮಾಣ. ಅದನ್ನು ಶೇ 2ಕ್ಕೆ ಇಳಿಸಿದರೆ 141 ಬಿಟ್, ಶೇ 10 ಸೇರಿಸಿ 156. ಉಳಿದದ್ದು 144. ಒಂದು ಬ್ಲಾಕಿಗೆ 126 ಕಳೆದರೆ 18 ಬಿಟ್, ಕೆಲಸಕ್ಕೆ ಬಾರದು. ಎರಡು ಬ್ಲಾಕ್ ಸೇರಿಸಿ ಒಂದೇ ಸಲ ಹ್ಯಾಷ್ ಮಾಡಿದರೆ 288 − 126 = 162, 128 ಬಿಟ್ ಕೀ ಬಂತು. 126ರ ನಷ್ಟ ಬ್ಲಾಕಿಗೊಂದಲ್ಲ, ಹ್ಯಾಷಿಗೊಂದು, ಅದಕ್ಕೇ ಒಟ್ಟಿಗೆ ಹಿಂಡೋದು. ನೀವು ಕೇಳಿದ 256ಕ್ಕೆ ಮೂರು ಬ್ಲಾಕ್ ಬೇಕು: 432 − 126 = 306.

ಇಷ್ಟಾದ ಮೇಲೂ ಕ್ರಿಪ್ಟೋ ರಿವ್ಯೂವರ್ ಕೇಳೋದು ಆ 300 ಎಲ್ಲಿಂದ ತಂದಿರಿ ಅಂತ. ಸಿಗ್ನಲ್ ನಿಧಾನಕ್ಕೆ ಬದಲಾಗುವ ಕೋಣೆಯಲ್ಲಿ ಅಕ್ಕಪಕ್ಕದ ಅಳತೆಗಳು ಒಂದನ್ನೊಂದು ಹೋಲುತ್ತವೆ, ಆಗ ಬ್ಲಾಕ್‌ಗಳನ್ನು ಹೀಗೆ ಕೂಡಿಸೋ ಹಾಗೇ ಇಲ್ಲ. ಶತ್ರು ಅರ್ಧ ತರಂಗಾಂತರ ದೂರ ಇದ್ದರೆ ಅವನಿಗೆ ಬೇರೆಯೇ ಸಿಗ್ನಲ್ ಕಾಣುತ್ತೆ ಅನ್ನೋ ವಾದ ಎಲ್ಲರೂ ಬರೀತಾರೆ, 2.4 ಗಿಗಾಹರ್ಟ್ಸ್‌ಗೆ ಅದು 6 ಸೆಂಟಿಮೀಟರ್‌ನಷ್ಟು. ಸುತ್ತ ಗೋಡೆ, ಕಬ್ಬಿಣದ ಬೀರು ತುಂಬಿ ಸಿಗ್ನಲ್ ಎಲ್ಲ ದಿಕ್ಕಿನಿಂದ ಚೆದುರಿ ಬಂದರೆ ಆ ವಾದ ನಡೆಯುತ್ತೆ. ಬಯಲಲ್ಲಿ ನೇರ ಕಾಣುವ ಎರಡು ಆಂಟೆನಾ ನಡುವೆ ನಡೆಯಲ್ಲ, ಅಲ್ಲಿ ಶತ್ರುವಿನ ಅಳತೆಯನ್ನೂ ಮೂರನೇ ಸಾಧನ ಇಟ್ಟು ದಾಖಲಿಸಲೇಬೇಕು.